ಸಾಮಾನು ಬಿಟ್ಟು ಬರದ ಕರ್ನಲ್

1950ರ ಡಿಸೆಂಬರ್ ಮೊದಲ ವಾರ. ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್‌ಯಾಂಗ್ ಖಾಲಿಯಾಗುತ್ತಿತ್ತು. ಅಕ್ಟೋಬರ್ ನಡುವಿನಲ್ಲಷ್ಟೇ ಆ ನಗರವನ್ನು ಗೆದ್ದು ಬೀಗಿದ್ದ ವಿಶ್ವಸಂಸ್ಥೆಯ ಪಡೆಗಳು ಈಗ ದಕ್ಷಿಣದ ಹಾದಿ ಹಿಡಿದಿದ್ದವು. ಯಾಲು ನದಿ ದಾಟಿ ಬಂದ ಚೀನೀ ಸೈನ್ಯ ಬೆನ್ನಟ್ಟಿಕೊಂಡು ಬರುತ್ತಿತ್ತು. ಅಮೆರಿಕದ ಛಾಯಾಗ್ರಾಹಕ ಮ್ಯಾಕ್ಸ್ ಡೆಸ್ಫರ್ ಡಿಸೆಂಬರ್ 4ರಂದು ತೆಗೆದ ಚಿತ್ರವೊಂದು ಆ ದಿನಗಳನ್ನು ಹಾಗೆಯೇ ಹಿಡಿದಿಟ್ಟಿದೆ. ತೇಡಾಂಗ್ ನದಿಯ ಸೇತುವೆ ಬಾಂಬಿಗೆ ಸಿಕ್ಕು ಮುರಿದು ಬಿದ್ದಿದೆ, ಸೊಟ್ಟಗಾದ ಕಬ್ಬಿಣದ ತೊಲೆಗಳ ಮೇಲೆ ನೂರಾರು ನಿರಾಶ್ರಿತರು ಗಂಟುಮೂಟೆ ಹೊತ್ತು ತೆವಳಿಕೊಂಡು ಆಚೆ ದಡಕ್ಕೆ ಹೋಗುತ್ತಿದ್ದಾರೆ, ಕೆಳಗೆ ಹೆಪ್ಪುಗಟ್ಟುತ್ತಿರುವ ನೀರು. ಆ ಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂತು.

ಅದೇ ನಗರದಲ್ಲಿ, ಅದೇ ಹೊತ್ತಿನಲ್ಲಿ, ಭಾರತದ ಒಂದು ಸೇನಾ ತುಕಡಿ ತನ್ನ ಪೆಟ್ಟಿಗೆಗಳ ಮುಂದೆ ನಿಂತಿತ್ತು. ಹೆಸರು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್. ಆಂಬ್ಯುಲೆನ್ಸ್ ಎಂದರೆ ಸೈರನ್ ಕೂಗುತ್ತ ಓಡುವ ಗಾಡಿಯಲ್ಲ. ಡಾಕ್ಟರುಗಳು, ಶಸ್ತ್ರವೈದ್ಯರು, ಶುಶ್ರೂಷೆಯವರು, ಸ್ಟ್ರೆಚರ್ ಹೊರುವವರು ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಮಂದಿಯ ಒಂದು ಚಲಿಸುವ ಆಸ್ಪತ್ರೆ. ನವೆಂಬರ್ 20ರಂದು ಪೂಸಾನ್ ಬಂದರಿನಲ್ಲಿ ಇಳಿದು, ಉತ್ತರಕ್ಕೆ ಬಂದು, ಇನ್ನೂ ಸರಿಯಾಗಿ ಬಿಡಾರ ಹೂಡುವ ಮೊದಲೇ ಹಿಂದೆ ಸರಿಯಬೇಕೆಂಬ ಆದೇಶ ಬಂದಿತ್ತು. ಮೇಲಿನವರು ಹೇಳಿದ್ದು ಸರಳ. ಲಾರಿಗಳಿಲ್ಲ, ಜನ ಹೊರಡಲಿ, ಸಾಮಾನನ್ನು ಇಲ್ಲೇ ಬಿಡಲಿ.

ತುಕಡಿಯ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಇದಕ್ಕೆ ಒಪ್ಪಲಿಲ್ಲ. ಒಪ್ಪಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ ಎಂಬುದನ್ನು ನೆನಪಿಡಬೇಕು. ಆ ವಾರ ಅಮೆರಿಕನ್ನರೇ ಪ್ಯೊಂಗ್‌ಯಾಂಗ್‌ನಲ್ಲಿ ಮಣಗಟ್ಟಲೆ ಸರಕಿಗೆ ತಾವೇ ಬೆಂಕಿಯಿಟ್ಟು ಹೊರಟಿದ್ದರು. ಆದರೆ ಅವರ ಸ್ಥಿತಿ ಬೇರೆ, ಇವರದು ಬೇರೆ. ಅಮೆರಿಕನ್ನರಿಗೆ ಮತ್ತೊಂದು ಹಡಗು ಬರುತ್ತದೆ. ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿದ್ದ ದೇಶ ಸಮುದ್ರದಾಚೆಗೆ ಕಟ್ಟಿ ಕಳಿಸಿದ್ದ ಶಸ್ತ್ರಚಿಕಿತ್ಸೆಯ ಸಲಕರಣೆ, ಔಷಧ, ಡೇರೆ ಇವೆಲ್ಲ ಹೋದರೆ ಮತ್ತೆ ಬರುವುದು ಯಾವಾಗಲೋ. ಕತ್ತರಿ, ಇಕ್ಕಳ, ಔಷಧವಿಲ್ಲದ ವೈದ್ಯ ತುಕಡಿ ಯುದ್ಧಭೂಮಿಯಲ್ಲಿ ಉಣ್ಣುವ ಮುನ್ನೂರು ಬಾಯಿಗಳಷ್ಟೇ.

ಹುಡುಕಾಡಿದಾಗ ಒಂದು ಹಳೆಯ ಉಗಿ ಎಂಜಿನ್ನೂ ಕೆಲವು ಡಬ್ಬಿಗಳೂ ಸಿಕ್ಕವು. ಎಂಜಿನ್ನಿಗೆ ನೀರಿಲ್ಲ, ಓಡಿಸುವ ಡ್ರೈವರಿಲ್ಲ. ತುಕಡಿಯಲ್ಲೇ ಎಂಜಿನ್ ಕೆಲಸದ ಗಂಧಗಾಳಿ ಇದ್ದವರು ಮುಂದೆ ಬಂದರು. ಉಳಿದವರು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿ ಬಾಯ್ಲರ್ ತುಂಬಿಸಿದರು. ಆ ಚಳಿಯಲ್ಲಿ ತುಳುಕಿದ ನೀರು ಅಂಗಿಯ ಮೇಲೆ ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸೌದೆ ಒಟ್ಟಿದರು, ಬೆಂಕಿ ಹಚ್ಚಿದರು, ಪೆಟ್ಟಿಗೆಗಳನ್ನೆಲ್ಲ ಡಬ್ಬಿಗಳಿಗೆ ಏರಿಸಿದರು. ಉಗಿ ಕಟ್ಟಿ ರೈಲು ಕದಲಿತು. ತೇಡಾಂಗ್ ನದಿಯ ಮೇಲೆ ಉಳಿದಿದ್ದ ಸೇತುವೆಯನ್ನು ಅದು ದಾಟಿದ ಸ್ವಲ್ಪ ಹೊತ್ತಿಗೇ ಸೇತುವೆಯನ್ನು ಸಿಡಿಸಲಾಯಿತು. ರೈಲು ಸೋಲ್ ಕಡೆಗೆ ಸಾಗಿತು. ಡಿಸೆಂಬರ್ 5ರ ಹೊತ್ತಿಗೆ ಪ್ಯೊಂಗ್‌ಯಾಂಗ್ ಚೀನೀಯರ ಕೈ ಸೇರಿತ್ತು.

ಭಾರತದ ಡಾಕ್ಟರುಗಳು ಅಲ್ಲಿಗೆ ಬಂದದ್ದೇಕೆ? ಅದರ ಹಿನ್ನೆಲೆಯಲ್ಲಿ ಒಂದು ವಿಚಿತ್ರ ವ್ಯಂಗ್ಯವಿದೆ. 1950ರ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ದಾಳಿ ಮಾಡಿದಾಗ ಭದ್ರತಾ ಮಂಡಳಿಯಲ್ಲಿ ಭಾರತ ಅದನ್ನು ಖಂಡಿಸಿತು. ಆದರೆ ಸೈನ್ಯ ಕಳಿಸಲು ನೆಹರೂ ಸಿದ್ಧರಿರಲಿಲ್ಲ. ಬಂದೂಕು ಬೇಡ, ಬ್ಯಾಂಡೇಜು ಕಳಿಸೋಣ ಎಂಬುದು ದೆಹಲಿಯ ನಿಲುವು. ಅಕ್ಟೋಬರ್ ಆರಂಭದ ಒಂದು ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕನ್ನರು ಎರಡು ಕೊರಿಯಾಗಳನ್ನು ಬೇರ್ಪಡಿಸಿದ್ದ 38ನೇ ಅಕ್ಷಾಂಶ ದಾಟಿ ಬಂದರೆ ಚೀನಾ ಸುಮ್ಮನಿರುವುದಿಲ್ಲ ಎಂದು ತಿಳಿಸಿದರು. ದೆಹಲಿಯ ಮೂಲಕ ಆ ಮಾತು ವಾಷಿಂಗ್ಟನ್ ತಲುಪಿತು. ಅಲ್ಲಿ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪಣಿಕ್ಕರ್ ಚೀನಾದ ಕಡೆಗೆ ವಾಲಿದವರು ಎಂದು ತಳ್ಳಿಹಾಕಿದರು. ಎಚ್ಚರಿಕೆ ತಲುಪಿಸಿದ ದೇಶದ ವೈದ್ಯರೇ, ಆ ಎಚ್ಚರಿಕೆ ನಿಜವಾದ ವಾರದಲ್ಲಿ, ಅದರ ಹೊಡೆತ ಬಿದ್ದ ಊರಿಗೇ ಹೋಗಿ ಇಳಿದಿದ್ದರು.

ರಂಗರಾಜ್ ಯುದ್ಧಕ್ಕೆ ಹೊಸಬರಲ್ಲ, ಸಾಹಸಕ್ಕಂತೂ ಅಲ್ಲವೇ ಅಲ್ಲ. 1941ರಲ್ಲಿ ಬ್ರಿಟಿಷ್ ಭಾರತೀಯ ಸೇನೆ ಪ್ಯಾರಾಚೂಟ್ ಪಡೆ ಕಟ್ಟಲು ಹೊರಟಿತು. ಕ್ರೀಟ್ ದ್ವೀಪವನ್ನು ಜರ್ಮನರು ಆಕಾಶದಿಂದ ಇಳಿದು ಗೆದ್ದದ್ದು ಆ ವರ್ಷದ ಮೇ ತಿಂಗಳಲ್ಲಿ; ಎಲ್ಲ ದೇಶಗಳ ಸೇನಾಧಿಕಾರಿಗಳ ಕಣ್ಣೂ ಅದರ ಮೇಲಿತ್ತು. ಅಕ್ಟೋಬರ್‌ನಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ರೂಪುಗೊಂಡಿತು. ಅದರಲ್ಲಿ ಮೂರು ಬೆಟಾಲಿಯನ್. 151ನೆಯದು ಬ್ರಿಟಿಷರದು, 152ನೆಯದು ಭಾರತೀಯರದು, 153ನೆಯದು ಗೂರ್ಖಾಗಳದು. ದೆಹಲಿಯ ವಿಲಿಂಗ್ಡನ್ ವಿಮಾನ ನಿಲ್ದಾಣ, ಅಂದರೆ ಇಂದಿನ ಸಫ್ದರ್‌ಜಂಗ್, ತರಬೇತಿಯ ಜಾಗವಾಯಿತು. ವಿಮಾನಗಳೋ ವಿಕರ್ಸ್ ವ್ಯಾಲೆನ್ಷಿಯಾ ಎಂಬ ಹಳೆಯ ಎರಡಂತಸ್ತಿನ ರೆಕ್ಕೆಯ ನಿಧಾನಗತಿಯವು. ಬಳಸಲು ಪ್ಯಾರಾಚೂಟುಗಳೇ ಬೆರಳೆಣಿಕೆಯಷ್ಟು.

ಭಾರತೀಯರ ಪೈಕಿ ಮೊದಲು ಜಿಗಿದವರು ಇಬ್ಬರು. ಒಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಇನ್ನೊಬ್ಬರು 152ನೇ ಬೆಟಾಲಿಯನ್ನಿನ ವೈದ್ಯಾಧಿಕಾರಿ ಲೆಫ್ಟಿನೆಂಟ್ ರಂಗರಾಜ್. ಭಾರತದ ಮೊದಲ ಪ್ಯಾರಾ ಜಿಗಿತಗಾರರಲ್ಲಿ ಒಬ್ಬರು ಡಾಕ್ಟರು ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಮೇಲ್ನೋಟಕ್ಕೆ ಅಸಹಜ ಅನಿಸಬಹುದು, ಯೋಚಿಸಿದರೆ ಅಲ್ಲ. ಪ್ಯಾರಾಟ್ರೂಪರುಗಳು ಇಳಿಯುವುದು ಶತ್ರುವಿನ ಬೆನ್ನ ಹಿಂದೆ. ಅಲ್ಲಿಗೆ ರಸ್ತೆಯಿಲ್ಲ, ಗಾಯಾಳುವನ್ನು ಹಿಂದಕ್ಕೆ ಸಾಗಿಸುವ ದಾರಿಯಿಲ್ಲ. ಕಾಲು ಮುರಿದುಕೊಂಡವನಿಗೆ ಪಟ್ಟಿ ಕಟ್ಟುವವನು ಅವನ ಜೊತೆಗೇ ಆಕಾಶದಿಂದ ಇಳಿದಿರಬೇಕು. ಮಿಲಿಟರಿಯ ಸಾಮಾನ್ಯ ವೈದ್ಯನಿಗೂ ಪ್ಯಾರಾ ವೈದ್ಯನಿಗೂ ಇರುವ ವ್ಯತ್ಯಾಸವೇ ಇದು. ಒಬ್ಬನ ಬಳಿಗೆ ಗಾಯಾಳು ಬರುತ್ತಾನೆ, ಇನ್ನೊಬ್ಬನು ಗಾಯಾಳುವಿಗಿಂತ ತುಸು ಮುಂಚೆಯೇ ಅಲ್ಲಿ ಇರಬೇಕಾಗುತ್ತದೆ.

ಜಿಗಿಯಲೆಂದೇ ತಯಾರಾದ ಆ ಬ್ರಿಗೇಡಿಗೆ ಎರಡನೇ ಮಹಾಯುದ್ಧದಲ್ಲಿ ಜಿಗಿಯುವ ಅವಕಾಶ ಸಿಕ್ಕಿದ್ದು ಅಪರೂಪ. ಅದರ ಅತಿ ದೊಡ್ಡ ಕಾಳಗ ನಡೆದದ್ದು ನೆಲದ ಮೇಲೆ, ಮಣಿಪುರದ ಉಖ್ರುಲ್ ಬೆಟ್ಟಗಳ ಸಾಂಗ್‌ಶಕ್ ಎಂಬ ಹಳ್ಳಿಯಲ್ಲಿ, 1944ರ ಮಾರ್ಚ್‌ನಲ್ಲಿ. ಇಂಫಾಲ್ ಮತ್ತು ಕೊಹಿಮಾ ಕಡೆಗೆ ನುಗ್ಗುತ್ತಿದ್ದ ಜಪಾನೀಯರನ್ನು 152ನೇ ಬೆಟಾಲಿಯನ್ ಮತ್ತು ಗೂರ್ಖಾಗಳು ಆ ಬೋಳುಗುಡ್ಡದ ಮೇಲೆ ಕೆಲವು ದಿನ ತಡೆದು ನಿಲ್ಲಿಸಿದರು. ಕಂದಕ ತೋಡಲು ಹೋದರೆ ಮೂರಡಿಗೆ ಬಂಡೆ. ವಿಮಾನದಿಂದ ಬಿಟ್ಟ ನೀರು, ಮದ್ದುಗುಂಡು ಬಹುಪಾಲು ಜಪಾನೀಯರ ಕಡೆಗೇ ಹೋಗಿ ಬೀಳುತ್ತಿತ್ತು. ಮಾರ್ಚ್ 26ರ ರಾತ್ರಿ ಉಳಿದವರು ಕತ್ತಲಲ್ಲಿ ತಪ್ಪಿಸಿಕೊಂಡು ಇಂಫಾಲ್ ದಾರಿ ಹಿಡಿದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 600 ಮಂದಿ. ಆದರೆ ಆ ಕೆಲವು ದಿನಗಳ ವಿಳಂಬ ಇಂಫಾಲ್ ಮತ್ತು ಕೊಹಿಮಾಗಳಿಗೆ ಸಿದ್ಧವಾಗಲು ಸಮಯ ಕೊಟ್ಟಿತು. 1947ರಲ್ಲಿ ಸೇನೆ ಇಬ್ಭಾಗವಾದಾಗ 50ನೇ ಬ್ರಿಗೇಡ್ ಭಾರತದ ಪಾಲಿಗೆ ಬಂತು. ಮರುವರ್ಷವೇ ಅದರ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಜಮ್ಮುವಿನ ಝಂಗರ್‌ನಲ್ಲಿ ಪ್ರಾಣ ಕೊಟ್ಟರು.

ಮತ್ತೆ ಕೊರಿಯಾಕ್ಕೆ. ಡಿಸೆಂಬರ್ ನಡುವಿನಲ್ಲಿ ರಂಗರಾಜ್ ಅವರ ತುಕಡಿಯನ್ನು 27ನೇ ಬ್ರಿಟಿಷ್ ಕಾಮನ್‌ವೆಲ್ತ್ ಬ್ರಿಗೇಡಿಗೆ ಸೇರಿಸಲಾಯಿತು. ಸ್ಕಾಟ್ಲೆಂಡಿನವರು, ಲಂಡನ್ ಕಡೆಯವರು, ಆಸ್ಟ್ರೇಲಿಯನ್ನರು, ಆಮೇಲೆ ಕೆನಡಾ ಮತ್ತು ನ್ಯೂಜಿಲೆಂಡಿನವರೂ ಇದ್ದ ಪಡೆಯದು. ಅವರೆಲ್ಲರ ಗಾಯಕ್ಕೂ ಕೈ ಹಚ್ಚುವವರು ಭಾರತೀಯರು. ಮೂರು ವರ್ಷದ ಹಿಂದಿನವರೆಗೆ ಆಳುತ್ತಿದ್ದವರ ಮಕ್ಕಳು ಸ್ಟ್ರೆಚರ್ ಮೇಲೆ ಮಲಗಿ ಭಾರತದ ಡಾಕ್ಟರ ಮುಖವನ್ನೇ ನೋಡುತ್ತಿದ್ದ ಕಾಲವದು. ಇದನ್ನು ಯಾರೂ ದೊಡ್ಡದು ಮಾಡಿದಂತಿಲ್ಲ, ಹಿಮ ಬೀಳುವ ಗುಡ್ಡದಲ್ಲಿ ಅದಕ್ಕೆ ಪುರುಸೊತ್ತೂ ಇರಲಿಲ್ಲ. ತುಕಡಿಯ ಇನ್ನೊಂದು ಭಾಗ ಮೇಜರ್ ಎನ್. ಬಿ. ಬ್ಯಾನರ್ಜಿ ಅವರ ಮುಂದಾಳುತನದಲ್ಲಿ ತೇಗು ನಗರದಲ್ಲಿ ಉಳಿದು, ಕೊರಿಯಾದ ಸೇನಾ ಆಸ್ಪತ್ರೆಗೂ ಊರಿನ ಜನರಿಗೂ ಚಿಕಿತ್ಸೆ ಕೊಡತೊಡಗಿತು. ನಿರಾಶ್ರಿತರಿಂದ ತುಂಬಿ ತುಳುಕುತ್ತಿದ್ದ ಊರು. ಗುಂಡೇಟಿನವರ ಜೊತೆ ಬಾಣಂತಿಯರು, ಕೂಸುಗಳು, ಸುಟ್ಟಗಾಯದ ಮುದುಕರು. ಮುಂಚೂಣಿಯ ಕಥೆಗಳ ನಡುವೆ ತೇಗುವಿನ ಈ ಕೆಲಸ ಮರೆಯಾಗಿಬಿಡುತ್ತದೆ. ಕೊರಿಯಾದ ಜನಸಾಮಾನ್ಯರಿಗೆ ಭಾರತ ಎಂದರೆ ಮೊದಲು ಕಂಡದ್ದು ಅಲ್ಲಿಯೇ.

1951ರ ಮಾರ್ಚ್ ಹೊತ್ತಿಗೆ ಯುದ್ಧದ ದಿಕ್ಕು ಮತ್ತೆ ಬದಲಾಗಿತ್ತು. ಹೊಸದಾಗಿ ಬಂದ ಜನರಲ್ ರಿಡ್ಜ್‌ವೇ ಸೋತು ಸುಣ್ಣವಾಗಿದ್ದ ಅಮೆರಿಕದ ಎಂಟನೇ ಸೈನ್ಯವನ್ನು ಮತ್ತೆ ಉತ್ತರಕ್ಕೆ ತಿರುಗಿಸಿದ್ದರು, ಸೋಲ್ ಮರಳಿ ಕೈಸೇರಿತ್ತು. ಹಿಂದೆ ಸರಿಯುತ್ತಿದ್ದ ಶತ್ರುವನ್ನು ಇಮ್ಜಿನ್ ನದಿ ದಾಟುವ ಮೊದಲೇ ಅಡ್ಡಗಟ್ಟಲು ಅವರು ಹೂಡಿದ ಯೋಜನೆ ಆಪರೇಷನ್ ಟೊಮಾಹಾಕ್. ಅಮೆರಿಕದ 187ನೇ ಏರ್‌ಬೋರ್ನ್ ಪಡೆಯ ಮೂರು ಸಾವಿರಕ್ಕೂ ಹೆಚ್ಚು ಸೈನಿಕರು ಮುನ್ಸಾನ್ ಬಳಿ ಪ್ಯಾರಾಚೂಟಿನಲ್ಲಿ ಇಳಿಯಬೇಕು. ಅವರ ಜೊತೆಗೆ ಶಸ್ತ್ರಚಿಕಿತ್ಸೆಯ ಒಂದು ತಂಡವೂ ಇಳಿಯಬೇಕು. ಯಾರದು? ಕೊರಿಯಾದಲ್ಲಿದ್ದ ಅಮೆರಿಕನ್ನೇತರ ಪಡೆಗಳಲ್ಲಿ ವೈದ್ಯವೂ ಗೊತ್ತು, ಜಿಗಿಯಲೂ ಗೊತ್ತು ಎನ್ನಬಹುದಾದ ತುಕಡಿ ರಂಗರಾಜ್ ಅವರದು.

ಮಾರ್ಚ್ 23ರ ಬೆಳಿಗ್ಗೆ ತೇಗುವಿನ ವಿಮಾನ ನಿಲ್ದಾಣದಿಂದ ನೂರಕ್ಕೂ ಹೆಚ್ಚು ವಿಮಾನಗಳು ಮೇಲೆದ್ದವು. ದಡೂತಿ ಸಿ-119ಗಳು, ಅವುಗಳ ಜೊತೆ ಸಿ-46ಗಳು. ಅವುಗಳಲ್ಲಿ 12 ಮಂದಿ ಭಾರತೀಯರು, ಅವರಲ್ಲೊಬ್ಬರು ಸ್ವತಃ ರಂಗರಾಜ್. ತುಕಡಿಯ ಮುಖ್ಯಸ್ಥ ತಾನು ಹಿಂದೆ ಉಳಿದು ಕಿರಿಯರನ್ನು ಕಳಿಸಬಹುದಿತ್ತು. ಆದರೆ ಹತ್ತು ವರ್ಷಗಳ ಹಿಂದೆ ವ್ಯಾಲೆನ್ಷಿಯಾದಿಂದ ಹಾರಿ ಅಭ್ಯಾಸವಾದ ಮನುಷ್ಯ ಅವರು. ಬಾಗಿಲ ಮೇಲೆ ಹಸಿರು ದೀಪ ಹತ್ತಿದ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಪ್ಯಾರಾಚೂಟಿನ ಪಟ್ಟಿಯನ್ನು ವಿಮಾನದೊಳಗಿನ ತಂತಿಗೆ ಕೊಕ್ಕೆ ಹಾಕಿರುತ್ತಾರೆ, ದೇಹ ಹೊರಬಿದ್ದ ರಭಸಕ್ಕೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ, ನೆಲ ಮೇಲಕ್ಕೆ ನುಗ್ಗಿ ಬರುತ್ತದೆ. ಔಷಧ ಮತ್ತು ಸಲಕರಣೆಗಳ ಗಂಟುಗಳೂ ಬೇರೆ ಪ್ಯಾರಾಚೂಟುಗಳಲ್ಲಿ ಇಳಿಯುತ್ತವೆ. ಪ್ಯೊಂಗ್‌ಯಾಂಗ್‌ನಲ್ಲಿ ಬಿಡಲೊಲ್ಲದೆ ಹೊತ್ತು ತಂದ ಸಾಮಾನಿನ ಬೆಲೆ ಇಂಥ ಬೆಳಿಗ್ಗೆಗಳಲ್ಲಿ ತಿಳಿಯುತ್ತಿತ್ತು.

ಎಲ್ಲವೂ ಅಂದುಕೊಂಡಂತೆ ನಡೆಯಲಿಲ್ಲ. ಮುಂದಾಳು ವಿಮಾನವೊಂದರ ಎಂಜಿನ್ ಕೆಟ್ಟು ಅದು ಹಿಂದಿರುಗಬೇಕಾಯಿತು, ಹಿಂದಿನವರು ದಾರಿ ತಪ್ಪಿ ಒಂದು ಬೆಟಾಲಿಯನ್ನನ್ನು ಬೇರೆಯದೇ ಜಾಗದಲ್ಲಿ ಇಳಿಸಿದರು. ಕೆಳಗೆ ಒಂದೇ ಮೈದಾನದಲ್ಲಿ ಎರಡು ಪಡೆಗಳ ನೂಕುನುಗ್ಗಲು. ಅತ್ತ ಶತ್ರುವಿನ ಬಹುಪಾಲು ಆಗಲೇ ಜಾಗ ಖಾಲಿ ಮಾಡಿತ್ತು. ರಣತಂತ್ರದ ದೃಷ್ಟಿಯಿಂದ ಟೊಮಾಹಾಕ್ ದೊಡ್ಡ ಜಯವೇನಲ್ಲ ಎಂದೇ ಇತಿಹಾಸಕಾರರು ಬರೆಯುತ್ತಾರೆ, ಅದು ನಿಜ ಕೂಡ. ಆದರೆ ಮರುದಿನದಿಂದ 187ನೆಯವರು ಕೆಸರಿನ ದಾರಿಯಲ್ಲಿ ಪೂರ್ವಕ್ಕೆ, ಉಯ್ಜೊಂಗ್‌ಬು ಕಡೆಯ ಗುಡ್ಡಗಳತ್ತ ನಡೆದರು. ಅಲ್ಲಿ ಶತ್ರು ಕಾದು ಕೂತಿದ್ದ. ಗುಡ್ಡಗಳ ಮೇಲಿನ ಆ ಕಾಳಗದಿಂದ ಗಾಯಾಳುಗಳು ಬರತೊಡಗಿದರು. ಭಾರತದ ತಂಡ ಮಾಡಿದ ಶಸ್ತ್ರಚಿಕಿತ್ಸೆಗಳು 103. ಅವುಗಳಿಂದಾಗಿ ಸುಮಾರು 50 ಜೀವಗಳು ಉಳಿದವೆಂಬುದು ಆಗಿನ ಲೆಕ್ಕ. ಡೇರೆಯೊಳಗೆ, ನಡುಗುವ ದೀಪದಲ್ಲಿ, ದಿನಗಟ್ಟಲೆ ನಿಂತೇ ಮಾಡಿದ ಕೆಲಸ. ಕಡುಗೆಂಪು ಟೋಪಿ ತೊಟ್ಟ ಇವರಿಗೆ ಕಡುಗೆಂಪು ಟೋಪಿಯ ದೇವದೂತರು ಎಂಬ ಹೆಸರು ಅಂಟಿಕೊಂಡಿತು. ಬಾಂಗ್ಲಾದೇಶ ಯುದ್ಧದಲ್ಲಿ ಟ್ಯಾಂಗೈಲ್ ಎಂಬಲ್ಲಿ ನಮ್ಮ ಪ್ಯಾರಾಗಳು ಇಳಿದದ್ದು 1971ರಲ್ಲಿ. ಅದಕ್ಕೆ 20 ವರ್ಷ ಮೊದಲೇ ಸ್ವತಂತ್ರ ಭಾರತದ ಸೈನಿಕರು ಯುದ್ಧಭೂಮಿಗೆ ಆಕಾಶದಿಂದ ಇಳಿದಿದ್ದರು, ಕೈಯಲ್ಲಿ ಶಸ್ತ್ರಚಿಕಿತ್ಸೆಯ ಪೆಟ್ಟಿಗೆ ಹಿಡಿದು.

ಅದಾಗಿ ಒಂದು ತಿಂಗಳಿಗೆ ಕಪ್ಯೊಂಗ್ ಕಣಿವೆಯ ಕಾಳಗ. ಆಸ್ಟ್ರೇಲಿಯ ಮತ್ತು ಕೆನಡಾದವರು ಇಂದಿಗೂ ಆ ಹೆಸರನ್ನು ಅಭಿಮಾನದಿಂದ ನೆನೆಯುತ್ತಾರೆ. ಏಪ್ರಿಲ್ 23ರಿಂದ 25ರವರೆಗೆ ಎರಡೇ ಬೆಟಾಲಿಯನ್ನುಗಳು ಒಂದು ಚೀನೀ ವಿಭಾಗವನ್ನು ತಡೆದವು. ಆ ಬ್ರಿಗೇಡಿನ ವೈದ್ಯ ತುಕಡಿಯೂ ರಂಗರಾಜ್ ಅವರದೇ. ಒಟ್ಟು ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಎರಡು ಲಕ್ಷದಷ್ಟು ಜನರಿಗೆ ಚಿಕಿತ್ಸೆ ಕೊಟ್ಟಿತು, ಎರಡು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿತು ಎಂದು ಸೇನೆಯ ದಾಖಲೆಗಳು ಹೇಳುತ್ತವೆ. ರಂಗರಾಜ್ ಮತ್ತು ಬ್ಯಾನರ್ಜಿ ಇಬ್ಬರಿಗೂ ಮಹಾವೀರ ಚಕ್ರ ಬಂತು, ಇನ್ನೂ ಹಲವರಿಗೆ ವೀರ ಚಕ್ರ. ಮಹಾವೀರ ಚಕ್ರವೆಂದರೆ ಯುದ್ಧಕಾಲದ ಶೌರ್ಯಕ್ಕೆ ಕೊಡುವ ಎರಡನೆಯ ಅತ್ಯುನ್ನತ ಪದಕ. ಸಾಮಾನ್ಯವಾಗಿ ಅದು ಸಲ್ಲುವುದು ಬೆಟ್ಟವನ್ನು ಗೆದ್ದವರಿಗೆ, ಠಾಣೆಯನ್ನು ಬಿಟ್ಟುಕೊಡದವರಿಗೆ. ಇಲ್ಲಿ ಅದು ಸಂದದ್ದು ಶತ್ರುವಿನ ಮೇಲೆ ಗುಂಡು ಹಾರಿಸುವುದು ತನ್ನ ಕೆಲಸವಲ್ಲದ ಅಧಿಕಾರಿಗೆ. ವೈದ್ಯ ತುಕಡಿಯವರು ತಮ್ಮನ್ನೂ ತಮ್ಮ ರೋಗಿಗಳನ್ನೂ ಕಾಪಾಡಿಕೊಳ್ಳುವಷ್ಟು ಮಾತ್ರ ಆಯುಧ ಹಿಡಿಯಬಹುದೆಂಬುದು ಜಿನೀವಾ ಒಪ್ಪಂದಗಳ ನಿಯಮ.

ಕದನ ನಿಂತದ್ದು 1953ರ ಜುಲೈನಲ್ಲಿ. ಅಲ್ಲಿಂದ ಮುಂದಿನ ಕಥೆಯಲ್ಲಿ ಕೊಡಗಿನವರೊಬ್ಬರು ಬರುತ್ತಾರೆ. ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯೇ ಕದನವಿರಾಮವನ್ನು ತಿಂಗಳುಗಟ್ಟಲೆ ಎಳೆದಿತ್ತು. ಅದನ್ನು ಬಗೆಹರಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಹಾಗಾಗಿ ಇಂಚೋನ್ ಬಂದರಿನ ಹಡಗುಗಳಿಂದ ಸಾವಿರಾರು ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ನೇರವಾಗಿ ಗಡಿಪಟ್ಟಿಗೆ ಸಾಗಿಸಬೇಕಾಯಿತು. ತನ್ನದೇ ಜನರ ಗಾಯಗಳಿಗೆ ಭಾರತೀಯರು ಮೂರು ವರ್ಷ ಮದ್ದು ಹಚ್ಚಿದ್ದು ಆ ಮುದುಕನಿಗೆ ನೆನಪಾಗಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ. 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಕೂಡ ಈ ಪಡೆಯ ಜೊತೆ ಸೇರಿ, ಕೈದಿಗಳ ಶಿಬಿರಗಳಲ್ಲಿ ಕೆಲಸ ಮಾಡಿ, 1954ರಲ್ಲಿ ತಾಯ್ನಾಡಿಗೆ ಮರಳಿತು.

ಕೊರಿಯಾ ಅವರನ್ನು ತಡವಾಗಿಯಾದರೂ ನೆನೆಯಿತು. 2020ರ ಜುಲೈನಲ್ಲಿ, ಯುದ್ಧ ಶುರುವಾಗಿ 70 ವರ್ಷವಾದ ಸಂದರ್ಭದಲ್ಲಿ, ದಕ್ಷಿಣ ಕೊರಿಯಾದ ಸರ್ಕಾರ ರಂಗರಾಜ್ ಅವರನ್ನು ಆ ತಿಂಗಳ ಯುದ್ಧವೀರ ಎಂದು ಗೌರವಿಸಿತು. ಮರುವರ್ಷ ಮಾರ್ಚ್‌ನಲ್ಲಿ ದೆಹಲಿ ಕಂಟೋನ್ಮೆಂಟಿನಲ್ಲಿ ಭಾರತ ಕೊರಿಯಾ ಸ್ನೇಹ ಉದ್ಯಾನ ತೆರೆಯಿತು. ಅಲ್ಲಿ ತಿಮ್ಮಯ್ಯನವರ ಆಳೆತ್ತರಕ್ಕೂ ಮೀರಿದ ಪ್ರತಿಮೆಯಿದೆ. ಅದರ ಹಿಂದೆ ನಿಲ್ಲಿಸಿದ ಐದು ಕಂಬಗಳ ಮೇಲೆ ರಂಗರಾಜ್ ಅವರ ತುಕಡಿಯ ಕಾರ್ಯಾಚರಣೆಗಳ ವಿವರ ಕೆತ್ತಲಾಗಿದೆ. ನಮ್ಮ ಕಡೆಯ ಅರಿವು ಇನ್ನೂ ಮಸುಕು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ, ಕಡುಗೆಂಪು ಟೋಪಿಯ ಹುಡುಗರು ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಆ ಟೋಪಿಯ ಮೊದಲಿಗರಲ್ಲಿ ಒಬ್ಬರು ಡಾಕ್ಟರೆಂದು ಬೀದಿಯಲ್ಲಿ ಎಷ್ಟು ಜನ ಹೇಳಿಯಾರು?

ರಂಗರಾಜ್ ಅವರ ಬದುಕಿನಲ್ಲಿ ಇನ್ನೊಂದು ಕಾಂಡವಿದೆ. ಸೇನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ, ನನಗೆ ಮಾತ್ರ ಅದು ಮೊದಲಿನದಕ್ಕೇನೂ ಕಡಿಮೆಯಿಲ್ಲ ಅನಿಸುತ್ತದೆ. ಸಮವಸ್ತ್ರ ಕಳಚಿದ ಮೇಲೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನಾ ಕಾರ್ಯಕ್ರಮಕ್ಕೆ ಸೇರಿ ಅಫ್ಘಾನಿಸ್ತಾನಕ್ಕೆ ಹೋದರು. 1960ರ ದಶಕದ ಕೊನೆಯಲ್ಲಿ ಆ ದೇಶ ಸಿಡುಬಿನ ಗೂಡು. ರಸ್ತೆಗಳು ವಿರಳ, ಚಳಿಗಾಲದಲ್ಲಿ ಕಣಿವೆಗಳು ಹಿಮದಿಂದ ಮುಚ್ಚಿಹೋಗುತ್ತವೆ, ಪರದೆಯ ಹಿಂದಿನ ಹೆಂಗಸರಿಗೆ ಹೊರಗಿನ ಗಂಡಸು ದೇವಿ ಹಾಕುವಂತಿಲ್ಲ. ಕುರಿಮಂದೆಯ ಹಿಂದೆ ಅಲೆಯುವ ಕೂಚಿ ಜನ ಇಂದು ಇಲ್ಲಿ, ನಾಳೆ ಪಾಕಿಸ್ತಾನದಲ್ಲಿ. ಇವೆಲ್ಲಕ್ಕಿಂತ ಕಠಿಣವಾದದ್ದು ಹಳ್ಳಿಗಳ ಪಾರಂಪರಿಕ ಸಿಡುಬು ವೈದ್ಯರು. ಅವರು ರೋಗಿಯ ಹಕ್ಕಳೆಯನ್ನು ಪುಡಿಮಾಡಿಟ್ಟುಕೊಂಡು ಆರೋಗ್ಯವಂತರ ಚರ್ಮಕ್ಕೆ ಹಚ್ಚುತ್ತಿದ್ದರು. ಹಾಗೆ ಮಾಡಿಸಿಕೊಂಡವನಿಗೆ ಸಾಮಾನ್ಯವಾಗಿ ಹಗುರಾದ ಸಿಡುಬು ಬಂದು ಹೋಗುತ್ತಿತ್ತು, ಆದರೆ ಅವನಿಂದ ಪಕ್ಕದ ಮನೆಗೆ ಹರಡುವುದು ನಿಜವಾದ ಸಿಡುಬೇ. ಅವರ ಮೇಲೆ ಪೊಲೀಸರನ್ನು ಬಿಟ್ಟರೆ ಕಣ್ಮರೆಯಾಗುತ್ತಾರೆ. ಅವರನ್ನು ಹುಡುಕಿ, ಮಾತಾಡಿಸಿ, ಹಕ್ಕಳೆಯ ಬದಲು ಲಸಿಕೆಯೇ ಒಳ್ಳೆಯದೆಂದು ಊರಿಗೆ ಊರನ್ನೇ ಒಪ್ಪಿಸಬೇಕು. ಹಳ್ಳಿಯಿಂದ ಹಳ್ಳಿಗೆ ನಡೆದು, ಪ್ರತಿ ಪ್ರಕರಣದ ಮೂಲ ಹುಡುಕಿ, ಸುತ್ತಲಿನವರಿಗೆಲ್ಲ ದೇವಿ ಹಾಕುತ್ತ ಹೋದ ಆ ತಂಡಗಳ ದುಡಿಮೆಯಿಂದ 1972ರ ಕೊನೆಯ ಹೊತ್ತಿಗೆ ಅಫ್ಘಾನಿಸ್ತಾನದಲ್ಲಿ ಸ್ಥಳೀಯ ಸಿಡುಬು ನಿಂತಿತು. ಭಾರತ, ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳಲ್ಲಿ ಅದು ಇನ್ನೂ ಉರಿಯುತ್ತಿದ್ದ ಕಾಲದಲ್ಲಿ, ಎಲ್ಲರೂ ಕಷ್ಟವೆಂದು ಕೈಚೆಲ್ಲಿದ್ದ ದೇಶವೇ ಮೊದಲು ಗೆದ್ದಿತು.